ಹೊಸ್ತಿಲ ಪಾರುಪತ್ಯ

ಹೋದ ಸೋಮವಾರ ನನ್ನ ಸ್ಕೂಲಿನ ಬಾಗಿಲಲ್ಲಿ ನನ್ನನ್ನೇ ತಡೆದು ನಿಲ್ಲಿಸಲಾಯಿತು. ತಡೆದವಳು ಮೂರನೆಯ ತರಗತಿಯ ಒಬ್ಬ ಹುಡುಗಿ. ತಡೆಯುವ ಅಧಿಕಾರವನ್ನು ಆಕೆಗೆ ಕೊಟ್ಟವನು ನಾನು.

ಈ ಸಂಗತಿಯನ್ನು ವಾಚಕ ಮಹಾಶಯರ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳಲು ಬಹಳ ಸಂಕೋಚವಾಗುತ್ತದೆ. ಪತ್ರಿಕೆಗೆ ಬರೆದು ನನಗೆ ಅಭ್ಯಾಸವಿಲ್ಲ. ಮೇಲಧಿಕಾರಿಗಳಿಗೆ ರಿಪೋರ್ಟು ಬರೆಯುವುದೊಂದೇ ಗೊತ್ತು. ಅದೇ ಧಾಟಿ ಇಲ್ಲಿಯೂ ಬಂದರೆ ಮನ್ನಿಸಬೇಕಾಗಿ ಪ್ರಾರ್ಥನೆ.

ವಾರಕ್ಕೊಮ್ಮೆ ಬರೆಯಬೇಕೆಂದು ಸಂಪಾದಕರು ನನಗೆ ತಿಳಿಸಿದ್ದಕ್ಕೆ ಕಾರಣ, ನಂಜನಗೂಡಿನ ಉಪಾಧ್ಯಾಯರ ಸಭೆಯಲ್ಲಿ ನಾನು ಓದಿದ ಪೇಪರು. ವಿಷಯ: ಬೆತ್ತವಿಲ್ಲದೆ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಬರಮಾಡಿಕೊಳ್ಳುವ ಕ್ರಮ. ಅದನ್ನೇ ನಕಲು ಮಾಡಿ ಕಳಿಸಬಹುದಾಗಿತ್ತು. ಈಗ ಕಳಿಸುವುದಕ್ಕೆ ಮುಖವಿಲ್ಲ.

ಮೊದಲು ಸ್ಕೂಲಿನ ಸ್ಥಿತಿಯನ್ನು ವಿವರಿಸಬೇಕು. ಊರು ನರಸೀಪುರದಿಂದ ಸೋಸಲೆಯ ಕಡೆಗೆ ಇದೆ. ಸ್ಕೂಲು ಎರಡಂಕಣದ ಮನೆ. ತರಗತಿಗಳು ನಾಲ್ಕು, ಉಪಾಧ್ಯಾಯ ಒಬ್ಬನೇ. ಉಪಾಧ್ಯಾಯರ ತರಬೇತಿಯ ನಾರ್ಮಲ್ ಸ್ಕೂಲಿನಲ್ಲಿ ಕಲಿಸಿದಂತೆ ನಾನು ಪ್ರತಿ ಪಾಠಕ್ಕೂ ಮುಂಚಿತವಾಗಿ ಟಿಪ್ಪಣಿ ಬರೆದುಕೊಳ್ಳುತ್ತೇನೆ. ಏನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು, ಏನು ಕೇಳಬೇಕು, ಕೊನೆಗೆ ಕರಿಹಲಗೆಯ ಮೇಲೆ ಯಾವ ಮಾತು ಉಳಿಯಬೇಕು, ಎಲ್ಲವೂ ಅದರಲ್ಲಿರುತ್ತದೆ. ಆದರೆ ನಾಲ್ಕನೆಯ ತರಗತಿಗೆ ನಾನು ಭೂಗೋಳ ಹೇಳುವಷ್ಟು ಹೊತ್ತು ಮೂರನೆಯದು ಮಗ್ಗಿ ಒಪ್ಪಿಸುತ್ತಿರಬೇಕು, ಎರಡನೆಯದು ಕಾಪಿ ಬರೆಯುತ್ತಿರಬೇಕು, ಚಿಕ್ಕವರು ಮರಳಿನ ಮೇಲೆ ಅಕ್ಷರ ತಿದ್ದುತ್ತಿರಬೇಕು.

ಈ ಮರಳಿನದೇ ಫಜೀತಿ. ಬೆಳಕು ಬಾಗಿಲ ಹತ್ತಿರ ಮಾತ್ರ ಇರುವುದರಿಂದ ಮರಳನ್ನು ಅಲ್ಲಿಯೇ ಹರಡುತ್ತೇವೆ. ತಡವಾಗಿ ಬಂದವನು ಅದನ್ನು ತುಳಿದುಕೊಂಡೇ ಒಳಗೆ ಓಡುತ್ತಾನೆ. ಯಾವುದೋ ಮಗುವಿನ ‘ಅ’ ಅಳಿಸಿಹೋಗುತ್ತದೆ. ಮಗು ಅಳುತ್ತದೆ. ಮೂರನೆಯ ತರಗತಿ ನಗುತ್ತದೆ. ಮಗ್ಗಿ ತಪ್ಪುತ್ತದೆ. ನನ್ನ ಟಿಪ್ಪಣಿ ಅಲ್ಲಿಗೆ ಮುಗಿಯಿತು.

ನನಗಿಂತ ಹಿಂದೆ ಆ ಊರಿನಲ್ಲಿ ಮಕ್ಕಳಿಗೆ ಓದು ಹೇಳುವ ಕೂಲಿಮಠ ನಡೆಸುತ್ತಿದ್ದ ಅಯ್ಯನವರು ಬಂದ ಸರದಿಯಂತೆ ಬೆತ್ತ ಬೀಸುತ್ತಿದ್ದರಂತೆ. ಮೊದಲು ಬಂದವನಿಗೆ ಏಟಿಲ್ಲ, ಅಂಗೈ ಮೇಲೆ ಶ್ರೀಕಾರ ಬರೆದು ಬಿಡುವುದು. ಆಮೇಲೆ ಬಂದವರಿಗೆ ಒಬ್ಬರಿಗಿಂತ ಒಬ್ಬರಿಗೆ ಹೆಚ್ಚು ಏಟು. ನಾನು ಅದನ್ನು ಬಿಟ್ಟೆ. ಅದಕ್ಕೆ ಬದಲಾಗಿ, ಮೊದಲು ಬಂದ ಮಗುವಿಗೆ ಅಂದಿನ ‘ಹೊಸ್ತಿಲ ಪಾರುಪತ್ಯ’ ಎಂದು ಗೊತ್ತುಮಾಡಿದೆ. ತಡವಾಗಿ ಬಂದವರು ಹೊರಗೆ ನಿಲ್ಲಬೇಕು. ಪಾರುಪತ್ಯದ ಮಗು ಮೂರು ಮಾತು ಕೇಳಬೇಕು. ಎಲ್ಲಿದ್ದೆ? ಏನು ಮಾಡುತ್ತಿದ್ದೆ? ನಾಳೆ ಏನು ಮಾಡುತ್ತೀ? ನಿಜ ಹೇಳಿದವರು ಮರಳನ್ನು ತುಳಿಯದೆ ಸುತ್ತಿಕೊಂಡು ಒಳಗೆ ಬರಬಹುದು.

ಮಕ್ಕಳು ನಿಜವನ್ನೇ ಹೇಳುತ್ತಿದ್ದರು. “ಎಮ್ಮೆ ಒದೀತು ಸಾ, ಆಲೆಲ್ಲ ಚೆಲ್ಲೋಯ್ತು, ಅವ್ವ ಬೈತಾ ಕೂರುಸ್ಕಂಡ್ಳು” ಎಂದೊಬ್ಬ. “ಪಟೇಲ್ರ ಒಲದಲ್ಲಿ ಕಳ್ಳೇಕಾಯಿ ಕೀಳ್ತಿದ್ದೆ. ನಾಳೀಕೆ ಕೀಳಾಕಿಲ್ಲ, ಮುಗುದೋಯ್ತು” ಎಂದಿನ್ನೊಬ್ಬ. (ಅವನನ್ನೂ ಒಳಗೆ ಬಿಡಲಾಯಿತು. ಕಾನೂನು ಕಾನೂನೇ.)

“ಹೊಸ್ತಿಲಲ್ಲಿ ನಿಂತವರು ಯಾರೇ ಆಗಿರಲಿ, ಈ ನಿಯಮಕ್ಕೆ ವಿನಾಯಿತಿಯಿಲ್ಲ” ಎಂದು ನಾನು ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು.

ಈ ಪಾರುಪತ್ಯ ಹೆಚ್ಚಾಗಿ ದೇವೀರಿಯ ಪಾಲಿಗೇ ಬರುತ್ತಿತ್ತು. ರೈತರಾದ ಮರಿಗೌಡರ ಮಗಳು. ಊರಿನ ಹೆಣ್ಣುಮಕ್ಕಳಲ್ಲಿ ಓದಲು ಬರುವವಳು ಅವಳೊಬ್ಬಳೇ. ಸೇರಿಸುವಾಗಲೇ ಗೌಡರಿಗೆ ಮನಸ್ಸಿರಲಿಲ್ಲ. “ಎಣ್ಮಗೀಗೆ ಮಗ್ಗಿ ಯಾಕೆ ಮೇಷ್ಟ್ರೇ, ರಾಗಿ ಬೀಸುವಾಗ ಏಳ್ಕಳಾಕಾ?” ಎಂದಿದ್ದರು. ಆದರೆ ಆ ಮಗು ಸಗಣಿ ಬಾಚಿ, ಹೊಳೆಯಿಂದ ನೀರು ತಂದು, ಎಲ್ಲರಿಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಮನೆಯ ಕೆಲಸ ಯಾವುದೂ ನಿಲ್ಲದೆ ಇದ್ದುದರಿಂದ ಗೌಡರೂ ಸುಮ್ಮನಿದ್ದರು.

ಸಭೆ ಭಾನುವಾರ ಮುಗಿಯಿತು. ಹಿಂದಿರುಗುವ ದಾರಿಯಲ್ಲಿ ರಾತ್ರಿ ನರಸೀಪುರದಲ್ಲಿ ತಂಗಿದೆ. ಸೋಮವಾರ ಬೆಳಿಗ್ಗೆ ಅಲ್ಲಿಂದ ಹೊರಟಾಗಲೇ ಹೊತ್ತಾಗಿತ್ತು. (ಏಕೆಂಬುದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.) ದಾರಿಯಲ್ಲಿ ನಮ್ಮೂರ ಪಟೇಲರ ಗಾಡಿ ಸಿಕ್ಕಿತು. ಸ್ಕೂಲಿನ ಮುಂದೆ ಇಳಿದಾಗ ಒಳಗಿನಿಂದ ಮಗ್ಗಿ ಕೇಳಿಸುತ್ತಿತ್ತು. ಚಿಕ್ಕವರು ಮರಳಿನ ಮೇಲೆ ಬಗ್ಗಿದ್ದರು. ನಾನಿಲ್ಲದೆಯೇ ನನ್ನ ಟಿಪ್ಪಣಿಯಂತೆ ಸ್ಕೂಲು ನಡೆಯುತ್ತಿತ್ತು! ಉಪಾಧ್ಯಾಯನಾದವನಿಗೆ ಇದಕ್ಕಿಂತ ಸಂತೋಷವುಂಟೆ?

ದೇವೀರಿ ಎರಡು ಕೈಗಳನ್ನೂ ಬಾಗಿಲಿಗೆ ಅಡ್ಡಲಾಗಿ ಚಾಚಿದಳು.

“ನಿಂತ್ಕಳಿ ಸಾ. ಎಲ್ಲಿದ್ರಿ?”

“ನಂಜನಗೂಡಿನಲ್ಲಮ್ಮಾ” ಎಂದೆ, ನಗುತ್ತ.

“ಅದು ನೆನ್ನೆ. ಇವತ್ತು ಒತ್ತಾರೆ ಎಲ್ಲಿದ್ರಿ? ಏನ್ ಮಾಡ್ತಿದ್ರಿ?”

ಒಳಗೆ ಮಗ್ಗಿ ನಿಂತಿತು. ಎಲ್ಲರ ಕಣ್ಣೂ ನನ್ನ ಮೇಲೆ.

“ಸರ್ಕಾರಿ ಕೆಲಸವಿತ್ತು.”

ಅವಳು ಸ್ವಲ್ಪ ಯೋಚಿಸಿದಳು. “ಸರ್ಕಾರಿ ಕೆಲ್ಸ ಇಲ್ಲೇ ಅಲ್ವಾ ಸಾ ಇರಾದು?”

ಗಾಡಿಯ ಮೇಲೆ ಪಟೇಲರು ಗಹಗಹಿಸಿದರು. “ಏನ್ ಮೇಷ್ಟ್ರೇ, ನಿಮಗೇ ಸುಂಕದ ಕಟ್ಟೆ ಮಡಗವ್ಳಲ್ಲಾ! ಕಟ್ಬುಟ್ಟು ಒಳಿಕ್ಕೋಗಿ!”

ಆ ನಗು ಬೀಳದಿದ್ದರೆ ನಾನು ನಿಜ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬರೆಯಲು ಧೈರ್ಯವಿಲ್ಲ. “ತೆಗಿ ಕೈ” ಎಂದು ಅವಳ ರಟ್ಟೆ ಹಿಡಿದು ಪಕ್ಕಕ್ಕೆ ತಳ್ಳಿದೆ. ಜೋಡು ಮೆಟ್ಟಿದ ಕಾಲಿನಲ್ಲಿಯೇ ಒಳಗೆ ನುಗ್ಗಿದೆ.

“ಮೂಲೆಯಲ್ಲಿ ನಿಲ್ಲು. ಇನ್ನು ಮೇಲೆ ಈ ಪಾರುಪತ್ಯ ನಿನಗೆ ಬೇಡ.”

ಅವಳು ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಅಳಲಿಲ್ಲ. ಅತ್ತದ್ದು ಕೆಳಗೆ ಕುಳಿತಿದ್ದ ಒಂದು ಚಿಕ್ಕ ಮಗು. ಬಗ್ಗಿ ನೋಡಿದೆ. ಅದು ತಿದ್ದಿದ್ದ ‘ಅ’ಕಾರದ ಮೇಲೆ ನನ್ನ ಜೋಡಿನ ಗುರುತು.

ಮಂಗಳವಾರ ದೇವೀರಿ ಬರಲಿಲ್ಲ. ಮಿಕ್ಕವರೂ ಬರಲಿಲ್ಲ! ಹೊರಗೆ ಬಂದು ನೋಡಿದರೆ ಎಲ್ಲರೂ ಹುಣಿಸೆಮರದ ಕೆಳಗೆ ನಿಂತು ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು.

“ನೀ ಓಗ್ಲಾ ಮೊದ್ಲು.”

“ನಾನ್ಯಾಕೋಗ್ಲಿ? ಮೊದ್ಲು ಒಳಿಕ್ಕೋದೋರ್ಗೆ ಮೂಲೆ ಕಣ್ಲಾ!”

ಅಯ್ಯನವರ ಬೆತ್ತಕ್ಕೂ ಈ ಸ್ಥಿತಿ ಬಂದಿರಲಿಲ್ಲ. ಅವರ ಕಾಲದಲ್ಲಿ ಮೊದಲು ಬಂದವನಿಗಾದರೂ ಶ್ರೀಕಾರವಿತ್ತು.

ಬುಧವಾರ ಸಾಯಂಕಾಲ ಮರಿಗೌಡರ ಮನೆಗೆ ಹೋದೆ. ಗೌಡರು ಚಾಪೆ ಹಾಸಿದರು, ಮಜ್ಜಿಗೆ ಕೊಡಿಸಿದರು. ನಾನು ಬಾಯಿ ತೆರೆಯುವ ಮುನ್ನ ಅವರೇ ಕೈಮುಗಿದರು.

“ತಪ್ಪಾಯ್ತು ಮೇಷ್ಟ್ರೇ. ನಿಮಗೆ ಅವ್ಮಾನ ಆಯ್ತಂತೆ. ಪಟೇಲ್ರು ಏಳುದ್ರು, ಊರೆಲ್ಲ ನಗ್ತಾದೆ. ಅವ್ಳುನ್ನ ಇಸ್ಕೂಲು ಬುಡುಸ್ಬುಟ್ಟಿವ್ನಿ, ನೀವು ಮನ್ಸಲ್ಲಿ ಮಡೀಕಬ್ಯಾಡಿ.”

“ಅವಳ ತಪ್ಪೇನೂ ಇಲ್ಲ ಗೌಡರೇ. ಹಾಗೆ ಕೇಳಬೇಕೆಂದು ಕಲಿಸಿದವನೇ ನಾನು.”

“ಅದು ಉಡುಗ್ರಿಗೆ ಸರಿ. ಇವತ್ತು ನಿಮ್ಮುನ್ನ ಬಾಗ್ಲಲ್ಲಿ ತಡುದ್ಲು. ನಾಳೀಕೆ ಗಂಡನ್ ಮನೇಲಿ ಮಾವನ್ನ ತಡುದ್ರೆ? ನಿಮ್ಮಂಗೆ ಅವ್ರು ಮೂಲೇಲಿ ನಿಲ್ಸಿ ಬುಟ್ಟಾರಾ?”

ನಾನು ಮಜ್ಜಿಗೆಯ ಲೋಟ ಕೈಗೆತ್ತಿಕೊಂಡೆ. ಗೌಡರು ಮೆಲ್ಲಗೆ ಕೇಳಿದರು: “ತಪ್ಪಿಲ್ಲ ಅಂತೀರಿ. ಅಂಗಾದ್ರೆ ಮೂಲೇಲಿ ಯಾಕ್ ನಿಲ್ಸುದ್ರಿ?”

ಒಳಗೆ ರಾಗಿಕಲ್ಲಿನ ಸದ್ದು ನಿಂತಿತು. ಕತ್ತಲಲ್ಲಿ ದೇವೀರಿಯ ದನಿ: “ಅಪ್ಪಾ, ಅವ್ರು ಒತ್ತಾರೆ ಎಲ್ಲಿದ್ರು ಅಂತ ಇನ್ನೂವೆ ಏಳೇ ಇಲ್ಲ.”

“ಮುಚ್ಚಮ್ಮೀ ಬಾಯಿ!” ಎಂದರು ಗೌಡರು. ನನ್ನ ಕಡೆ ತಿರುಗಿ ಮತ್ತೆ ಕೈಮುಗಿದರು. ಆ ಕೈಗಳನ್ನು ನೋಡಲಾಗದೆ, ಮಜ್ಜಿಗೆಯ ಲೋಟವನ್ನು ಹಾಗೆಯೇ ಇಟ್ಟು ಎದ್ದು ಬಂದೆ. ಆಗಲೂ ನಿಜ ಹೇಳಲಿಲ್ಲ.

ನಾವು ದೊಡ್ಡವರು ‘ಸರ್ಕಾರಿ ಕೆಲಸ’ ಎಂದುಬಿಟ್ಟರೆ ಸಾಕು, ಎಲ್ಲ ಬಾಗಿಲೂ ತೆರೆಯುತ್ತದೆ. ಅಮಲ್ದಾರರೂ ಮುಂದಕ್ಕೆ ಕೇಳುವುದಿಲ್ಲ, ಮನೆಯಲ್ಲಿ ಹೆಂಡತಿಯೂ ಕೇಳುವುದಿಲ್ಲ. ಕಳ್ಳೇಕಾಯಿ ಕದ್ದ ಹುಡುಗನಿಗೆ ಅಂಥ ಮಾತೊಂದು ಸಿಕ್ಕಿದೆಯೇ? ಪಾಪ, ಅವನು ನಿಜ ಹೇಳಬೇಕು!

ಈ ಪತ್ರಿಕೆ ನಮ್ಮೂರಿಗೆ ಬರುವುದು ಒಂದೇ ಪ್ರತಿ. ಪಟೇಲರ ಜಗಲಿಯಲ್ಲಿ ಜನರೆಲ್ಲ ಕೂಡುತ್ತಾರೆ, ಮರಿಗೌಡರೂ ಬರುತ್ತಾರೆ. ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನದು. ಬಾಯಿಗೆ ಬಾರದ ಮಾತು ಅಚ್ಚಾಗಿ ಬಂದರೆ ಓದಲೇಬೇಕಾಗುತ್ತದೆ. (ಸಾಲು ಹಾರಿಸುವಂತಿಲ್ಲ. ಶಾನುಭೋಗರು ಪಕ್ಕದಲ್ಲಿಯೇ ಕುಳಿತು ಕಣ್ಣಾಡಿಸುತ್ತಿರುತ್ತಾರೆ.) ಆದಕಾರಣ, ಕೇಳಲಾದ ಪ್ರಶ್ನೆಗಳಿಗೆ ನನ್ನ ಸಮಜಾಯಿಷಿಯನ್ನು ಇಲ್ಲಿ ಸಲ್ಲಿಸುತ್ತೇನೆ.

ಎಲ್ಲಿದ್ದೆ? ನರಸೀಪುರದಲ್ಲಿ, ಸ್ನೇಹಿತರೊಬ್ಬರ ಮನೆಯ ಜಗಲಿಯ ಮೇಲೆ.

ಏನು ಮಾಡುತ್ತಿದ್ದೆ? ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಬರಮಾಡಿಕೊಳ್ಳುವ ಕ್ರಮವನ್ನು ಕುರಿತ ನನ್ನ ಪೇಪರನ್ನು ಅವರಿಗೆ ಓದಿ ಹೇಳುತ್ತಿದ್ದೆ. ಓದೆಂದು ಅವರು ಕೇಳಿರಲಿಲ್ಲ. ಚಪ್ಪಾಳೆ ಬಿದ್ದ ಭಾಗ ಬಂದಾಗ ಅದನ್ನು ಮತ್ತೊಮ್ಮೆ ಓದಿದೆ. “ನಿಮಗೆ ಸ್ಕೂಲಿಗೆ ಹೊತ್ತಾಗಲಿಲ್ಲವೇ?” ಎಂದು ಅವರು ಕೇಳಿದರು. “ಇನ್ನೊಂದೇ ಪುಟ” ಎಂದೆ.

ನಾಳೆ ಏನು ಮಾಡುತ್ತೇನೆ? ಇದನ್ನು ಜಗಲಿಯಲ್ಲಿ ಓದಿದ ಮಾರನೆಯ ಬೆಳಿಗ್ಗೆ ಜೋಡು ಬಿಟ್ಟು ಸ್ಕೂಲಿನ ಹೊಸ್ತಿಲ ಹೊರಗೆ ನಿಂತಿರುತ್ತೇನೆ. ನೋಡುವವರು ನೋಡಲಿ, ಪಟೇಲರ ಗಾಡಿಯೂ ಬರಲಿ.

ದೇವೀರಿ, ಒಳಗೆ ಬರಲೇ?