ಬಾಗಿಲು ತಟ್ಟುತ್ತಿದ್ದ ಮಾಲೀಕರು

ಅವರ ಬಲಗೈಯ ಅಂಗೈ ಮಣೆಯ ಹಾಗೆ ಚಪ್ಪಟೆಯಾಗಿ, ಗಟ್ಟಿಯಾಗಿ ಇತ್ತು. ಮೂವತ್ತು ವರ್ಷ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಆ ಕೈಯಿಂದ ಬಸ್ಸಿನ ತಗಡಿಗೆ ಬಡಿದು ಹೊರಡಿಸಿದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ಎಚ್ಚರಾಗಬೇಕು. ಅಂಥವರು ನನ್ನ ಖೋಲಿಯ ಬಾಗಿಲನ್ನು ಮಾತ್ರ ನಡುಬೆರಳು ಮಡಚಿ, ಎರಡೇ ಸಲ, ಮೆಲ್ಲಗೆ ತಟ್ಟುತ್ತಿದ್ದರು. ತಟ್ಟಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಮನೆ ಅವರದು, ಬಾಗಿಲು ಅವರದು. ಆದರೂ "ಬರ್ಲೇನವ್ವಾ?" ಎಂದು ಕೇಳಿ, ನಾನು "ಬರ್ರಿ" ಅನ್ನುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ.

ನಾನು ಅವರಲ್ಲಿಗೆ ಬಂದಾಗ ಹದಿನೆಂಟು ತುಂಬಿ ಹದಿನೈದು ದಿನ ಆಗಿತ್ತು. ಬಾಗಳಿಯಲ್ಲಿ ನನ್ನನ್ನು ಸಾಕುತ್ತಿದ್ದ ಅಜ್ಜಿ ತೀರಿಕೊಂಡ ಮೇಲೆ ಬಾಲಕಿಯರ ಬಾಲಮಂದಿರವೊಂದರಲ್ಲಿ ಬೆಳೆದವಳು ನಾನು. ವಯಸ್ಸು ತುಂಬಿದವರು ಹೊರಡಬೇಕು ಅನ್ನುವುದು ಅಲ್ಲಿಯ ನಿಯಮ. ಹೊರಡುವುದೇನೋ ಸರಿ, ಎಲ್ಲಿಗೆ? ನನಗಿಂತ ಮೊದಲು ಹೊರಬಿದ್ದಿದ್ದ ಅಕ್ಕ ಒಬ್ಬಳು ಈ ಮನೆಯ ಗುರುತು ಹೇಳಿದ್ದಳು. ರೈಲ್ವೆ ಸ್ಟೇಷನ್ನಿನ ಹಿಂದೆ, ಬೇವಿನ ಗಿಡದ ಪಕ್ಕ, ಹಿತ್ತಲಲ್ಲಿ ತಗಡಿನ ಮಾಡಿನ ನಾಲ್ಕು ಖೋಲಿ. ಕೆಲಸದಲ್ಲಿದ್ದಾಗ ನಿಲ್ದಾಣದ ಬೆಂಚಿನ ಮೇಲೆ ಯಾವ ಬಸ್ಸನ್ನೂ ಹತ್ತದೆ ಕೂತಿರುತ್ತಿದ್ದ ಎಷ್ಟು ಹುಡುಗಿಯರನ್ನು ಮಾಲೀಕರು ನೋಡಿದ್ದರೋ. ನಿವೃತ್ತಿಯಾದ ಮೇಲೆ ಕೈಗೆ ಬಂದ ದುಡ್ಡಿನಲ್ಲಿ ಮೊದಲು ಕಟ್ಟಿಸಿದ್ದು ಆ ಖೋಲಿಗಳನ್ನು.

ಚೀಲ ಹಿಡಿದು ಅಂಗಳದಲ್ಲಿ ನಿಂತವಳನ್ನು ಅವರು ಒಳಗೆ ಕರೆಯಲಿಲ್ಲ. ಮೊದಲು ಬಜಾರಿಗೆ ಹೋಗಿ ಒಂದು ಬೀಗ ತಗೊಂಡು ಬಾ ಅಂದರು. ನಿಮ್ಮ ಹತ್ತಿರ ಇಲ್ಲವೇ ಎಂದು ಕೇಳಿದೆ. "ನಾ ಕೊಟ್ರ ಇನ್ನೊಂದು ಕೀಲಿಕೈ ನನ್ನ ಹತ್ರ ಐತೇನೋ ಅಂತ ನಿನಗ ನಿದ್ದಿ ಬರಂಗಿಲ್ಲ," ಅಂದರು. ಮರುದಿನ ತಾಲ್ಲೂಕು ಕಚೇರಿಯ ಎದುರು ಕೂರುವ ಪತ್ರ ಬರೆಯುವವರ ಬಳಿ ಕರೆದುಕೊಂಡು ಹೋಗಿ ಹನ್ನೊಂದು ತಿಂಗಳ ಬಾಡಿಗೆ ಕರಾರು ಮಾಡಿಸಿದರು. ಬಾಡಿಗೆ ಹೆಸರಿಗಷ್ಟೇ. ಆದರೆ ಬಾಂಡ್ ಪೇಪರಿನ ಮೇಲೆ ಅವರು ಮಾಲೀಕರು, ನಾನು ಬಾಡಿಗೆದಾರಳು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಏನಾಗಿಯೂ ಬರೆದುಕೊಂಡಿರಲಿಲ್ಲ. ಸಹಿ ಮಾಡುವ ಮೊದಲು ಆ ಸಾಲನ್ನು ಎರಡು ಸಲ ಓದಿದೆ.

ಆದರೂ ನನಗೆ ಬೇಕಾಗಿದ್ದು ಬೇರೆ. ಆ ವರ್ಷದ ಯುಗಾದಿಗೆ ಅವರ ಮನೆಯಾಕೆ, ನಾವೆಲ್ಲ ಅಮ್ಮಾರು ಅನ್ನುತ್ತಿದ್ದವರು, ಬೇವು ಬೆಲ್ಲ ಕೊಟ್ಟರು. ನಾನು ಮಾಲೀಕರ ಕಾಲಿಗೆ ಬಿದ್ದು, ಬಾಯಿಗೆ ಬಂದ ಹಾಗೆ "ಅಪ್ಪಾ" ಅಂದುಬಿಟ್ಟೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ನಾ ಮನಿ ಮಾಲೀಕ ಅದೀನವ್ವ. ಹಂಗ ಅನಬ್ಯಾಡ," ಅಂದರು. ಬೈಯುವ ದನಿಯಲ್ಲ, ಬಸ್ಸಿನ ವೇಳೆ ಹೇಳುವ ದನಿ. ಖೋಲಿಗೆ ಬಂದು ಚಿಲಕ ಹಾಕಿಕೊಂಡೆ. ಅಮ್ಮಾರು ಕಳಿಸಿದ ಹೋಳಿಗೆ ಸಂಜೆಯವರೆಗೂ ಕಟ್ಟೆಯ ಮೇಲೆ ಇರುವೆ ಮುತ್ತಿಕೊಂಡು ಕೂತಿತ್ತು.

ಎರಡು ವರ್ಷದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿದೆ. ಹೂವಿನಹಡಗಲಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಆರಕ್ಕೇ ರಕ್ತ ತೆಗೆಯಲು ಹಾಜರಿರಬೇಕು. ಇಲ್ಲಿಂದ ಹೋಗುವ ಮೊದಲ ಬಸ್ಸು ಅಷ್ಟೊತ್ತಿಗೆ ಅಲ್ಲಿ ಮುಟ್ಟುವುದಿಲ್ಲ. ಸೋಮವಾರದೊಳಗೆ ಆ ಊರಲ್ಲೇ ಮನೆ ಮಾಡದಿದ್ದರೆ ಬೇರೆ ಹುಡುಗಿಯನ್ನು ತಗೊಳ್ಳುತ್ತೇವೆ ಎಂದು ಲ್ಯಾಬಿನವರು ಹೇಳಿಬಿಟ್ಟರು. ಮನೆ ಹುಡುಕಲು ಜೊತೆಗೆ ಬರ್ರಿ ಎಂದು ಮಾಲೀಕರನ್ನು ಕೇಳಿದೆ. ಇಲ್ಲಿಂದ ಹೋಗುವವರು ತಮ್ಮ ಮನೆ ತಾವೇ ಹುಡುಕಬೇಕು, ಅದು ಅವರ ನಿಯಮ. ಬರಲಿಲ್ಲ.

ಹಡಗಲಿಯಲ್ಲಿ ಎರಡು ದಿನ ಓಣಿ ಓಣಿ ತಿರುಗಿದೆ. ಖೋಲಿ ತೋರಿಸುವವರೆಗೆ ಎಲ್ಲರೂ ಚೆನ್ನಾಗಿಯೇ ಮಾತಾಡಿದರು. ಆಮೇಲೆ ನಿಮ್ಮ ಅಪ್ಪ ಏನು ಮಾಡ್ತಾರೆ ಎಂಬ ಪ್ರಶ್ನೆ ಬರುತ್ತಿತ್ತು. ಯಾರೂ ಇಲ್ಲ, ಬಾಲಮಂದಿರದಲ್ಲಿ ಬೆಳೆದೆ ಅನ್ನುತ್ತಿದ್ದಂತೆ, ಆ ಖೋಲಿ ನಮ್ಮ ತಮ್ಮನಿಗೆ ಬೇಕಾಗಿದೆ ಅನ್ನುವುದು ಅವರಿಗೆ ನೆನಪಾಗುತ್ತಿತ್ತು. ಹಾಗೆ ನಾಲ್ಕು ಮನೆ ಆದವು. ಐದನೆಯದರಲ್ಲಿ ವಯಸ್ಸಾದ ಹೆಂಗಸೊಬ್ಬರು ಕಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಕಟ್ಟುತ್ತಾ ಕೂತಿದ್ದರು. ದಾರದ ಮೇಲಿನ ಕಣ್ಣು ಎತ್ತದೆ ಅವರೂ ಅದನ್ನೇ ಕೇಳಿದರು. "ಹಗರಿಬೊಮ್ಮನಹಳ್ಳ್ಯಾಗ ಬಸ್ ಕಂಟ್ರೋಲರ್ ಇದ್ರು ರೀ, ಈಗ ರಿಟೈರ್ಡ್," ಅಂದೆ.

ಬೆರಳು ನಿಂತವು. ಹಾಗಾದರೆ ಒಳ್ಳೆಯದೇ ಆಯಿತು, ನಾಳೆ ನನಗೆ ಅಲ್ಲಿ ಆಸ್ಪತ್ರೆಯ ಕೆಲಸವಿದೆ, ನಿಮ್ಮ ಅಪ್ಪನ ಮುಖ ನೋಡಿಯೇ ಕೀಲಿಕೈ ಕೊಡುತ್ತೇನೆ ಎಂದರು ಆ ಅಮ್ಮ. ನಾಳೆ ಅಂದರೆ ಶನಿವಾರ.

ಸಂಜೆ ಬಂದು ಮಾಲೀಕರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬಾಯೊಳಗಿನ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಯಾವ ಬಸ್ಸಿಗೆ ಬರ್ತಾರೆ ಎಂದಷ್ಟೇ ಕೇಳಿದರು. ಹತ್ತೂಕಾಲಿನದು ಅಂದೆ. ಎದ್ದು ಒಳಗೆ ಹೋದರು.

ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಹೊರಟು ನಿಂತಿದ್ದರು. ನಿಲ್ದಾಣದ ಬೆಂಚಿನ ಮೇಲೆ ಪಕ್ಕ ಪಕ್ಕ ಕೂತೆವು. ಹತ್ತೂಕಾಲು ಆಯಿತು, ಹತ್ತೂವರೆ ಆಯಿತು, ಬಸ್ಸಿಲ್ಲ. ಕೊನೆಗೆ ತಡೆಯಲಾರದೆ, ಅಪ್ಪ ಏನು ಅಂತ ಕೇಳಿದರೆ ಒಂದೇ ಒಂದು ಸಲ ಹೌದು ಅಂದುಬಿಡ್ರಿ ಎಂದು ಬೇಡಿಕೊಂಡೆ.

ಅವರು ರಸ್ತೆಯ ಕಡೆಯೇ ನೋಡುತ್ತಿದ್ದರು. "ಮೂವತ್ತು ವರ್ಷ ಇಲ್ಲಿ ನಿಂತೀನವ್ವ. ಬರದ ಬಸ್ಸನ್ನ ಬರ್ತತಿ ಅಂತ ಯಾರಿಗೂ ಹೇಳಿಲ್ಲ."

ಕೆಲಸ ಹೋಯಿತು ಎಂದು ನಾನು ನಿರ್ಧರಿಸಿದ್ದು ಆಗಲೇ. ಎದ್ದು ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಹಡಗಲಿ ಬಸ್ಸು ತಿರುವಿನಲ್ಲಿ ಕಾಣಿಸಿತು.

ಆ ಅಮ್ಮ ಇಳಿದು ಸೆರಗು ಸರಿಮಾಡಿಕೊಂಡು, ಇವರೇನು ನಿಮ್ಮಪ್ಪ ಎಂದು ಕೇಳಿದರು. ಮಾಲೀಕರು ಕೈ ಮುಗಿದರು.

"ಅಪ್ಪ ಅಲ್ಲರಿ. ಈಕಿ ಇರೋ ಮನಿ ಮಾಲೀಕ."

ಆ ಅಮ್ಮನ ಮುಖ ಬಿಗಿಯಾಯಿತು. "ಅಂದ್ರ ಈಕಿ ನನಗ ಸುಳ್ಳು ಹೇಳ್ಯಾಳ."

"ಹೇಳ್ಯಾಳರಿ. ಯಾಕ ಹೇಳಿದ್ಲು ಅಂತ ಆಕಿನ್ನ ಕೇಳ್ರಿ. ಎರಡು ವರ್ಷ ನಮ್ಮಲ್ಲಿ ಹೆಂಗ ಇದ್ಲು ಅಂತ ನನ್ನ ಕೇಳ್ರಿ. ಬರ್ರಿ, ಖೋಲಿನ ನೋಡ್ರಿ."

ಮೂವರೂ ರೈಲ್ವೆ ಸ್ಟೇಷನ್ನಿನ ಹಿಂದಿನ ಮನೆಗೆ ನಡೆದೆವು. ಖೋಲಿಯ ಬೀಗವನ್ನು ನಾನೇ ತೆಗೆದೆ. ಆ ಅಮ್ಮ ಒಳಗೆ ಬಂದು ಸ್ಟೋವಿನ ಮೇಲೆ ಬೆರಳಾಡಿಸಿ ನೋಡಿದರು, ಬಚ್ಚಲಿಗೆ ಇಣುಕಿದರು, ಸುತ್ತಿಟ್ಟ ಹಾಸಿಗೆ ನೋಡಿದರು. ತಿರುಗಿದರೆ ಮಾಲೀಕರು ಹೊಸ್ತಿಲ ಆಚೆ, ಬಿಸಿಲಲ್ಲಿ ನಿಂತಿದ್ದರು.

"ನೀವ್ಯಾಕ ಹೊರಗ ನಿಂತ್ರಿ? ನಿಮ್ಮ ಮನಿ ಅಲ್ಲೇನು?"

"ಆಕಿ ಇನ್ನೂ ಕರದಿಲ್ಲಲ್ಲರಿ," ಅಂದರು ಇವರು.

ಗಾಬರಿಯಲ್ಲಿ ನಾನು ಬರ್ರಿ ಅನ್ನುವುದನ್ನೇ ಮರೆತಿದ್ದೆ. ಆ ಅಮ್ಮ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರು. ನಿಜ ಹೇಳಿದ್ದಕ್ಕೆ ನಿಮ್ಮೂರಲ್ಲಿ ನಾಲ್ಕು ಬಾಗಿಲು ಮುಚ್ಚಿದವು ಎಂದೆ. ಅವರು ಹಾಸಿಗೆಯ ಸುರುಳಿಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು.

"ನಮ್ಮ ಹುಡುಗಿ ಬಂಗಾರ ಅಂತ ಎಲ್ಲಾ ಅಪ್ಪಂದಿರೂ ಅಂತಾರ," ಅಂದರು ಕೊನೆಗೆ. "ಬಾಡಿಗಿ ಇದ್ದೋರ ಪರವಾಗಿ ಒಬ್ಬ ಮಾಲೀಕ ಮಾತಾಡಿದ್ದು ನಾ ಇವತ್ತ ನೋಡಿದೆ. ಬಾ. ಇನ್ನೊಂದು ಸುಳ್ಳು ಸಿಕ್ಕಿತೋ, ಅವತ್ತ ಖಾಲಿ ಮಾಡ್ಬೇಕು."

ಭಾನುವಾರ ನನ್ನ ಚೀಲ, ಸ್ಟೋವು, ಹಾಸಿಗೆ ಎಲ್ಲ ಹೊತ್ತು ಬಸ್ಸು ಹತ್ತಿದೆ. ಮಾಲೀಕರು ಕೆಳಗೆ ನಿಂತಿದ್ದರು. ಊಟ ಮಾಡು, ಹುಷಾರು, ಅಂಥದ್ದೇನೂ ಹೇಳಲಿಲ್ಲ. ಕಂಡಕ್ಟರ್ ಸೀಟಿ ಬಾಯಿಗಿಡುವ ಮೊದಲೇ ಆ ಅಂಗೈಯಿಂದ ತಗಡಿಗೆ ಒಮ್ಮೆ ಬಡಿದರು. ನನ್ನ ಸೀಟಿನ ಕಿಟಕಿ ಗಡಗಡ ನಡುಗಿತು.

ಹೋದ ವರ್ಷ ಅವರು ತೀರಿಕೊಂಡರು. ಲ್ಯಾಬಿನಿಂದ ನೇರ ಹೋದೆ. ನಡುಮನೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಜನ ಹೋಗುತ್ತಿದ್ದರು, ಬರುತ್ತಿದ್ದರು. ನಾನು ಹೊಸ್ತಿಲ ಹತ್ತಿರ ನಿಂತುಬಿಟ್ಟೆ. ಅವರ ಕಡೆಯ ನೆಂಟರೊಬ್ಬರು, ನೀನು ಇವರಿಗೆ ಏನಾಗಬೇಕವ್ವ ಎಂದು ಕೇಳಿದರು.

ಮಗಳು ಅನ್ನುವ ಮಾತು ತುಟಿಯವರೆಗೆ ಬಂದಿತ್ತು. ಅವತ್ತು ಅಂದಿದ್ದರೆ ತಡೆಯುವವರು ಯಾರೂ ಇರಲಿಲ್ಲ.

"ಹಿತ್ತಲ ಖೋಲ್ಯಾಗ ಬಾಡಿಗಿ ಇದ್ದೆರಿ," ಅಂದೆ.

ಹಾಗಾದರೆ ಬಾಗಿಲಲ್ಲೇ ಯಾಕೆ ನಿಂತೆ ಎಂದರು ಅವರು. ಗೋಡೆಯ ಪಕ್ಕ ಕೂತಿದ್ದ ಅಮ್ಮಾರು ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು.

"ಒಳಗ ಬಾರವ್ವ," ಅಂದರು.

ಆಗ ಹೊಸ್ತಿಲು ದಾಟಿದೆ.