ಗೆದ್ದವನು ಮತ್ತೆ ಗೇಟಿನ ಮುಂದೆ

ಎಫೆಮೆನ ಕೆಲಸ ಬಿಟ್ಟದ್ದು ಕಾರ್ಖಾನೆಯಲ್ಲಿ, ಮಾರಾಟಕ್ಕೆ ತುಂಬಿಟ್ಟ ಕುಡಿಯುವ ನೀರಿನ ಪೊಟ್ಟಣಗಳ ರಾಶಿಯ ಮೇಲೆ ನಿಂತು. ಶುಕ್ರವಾರ ಮಧ್ಯಾಹ್ನ, ಯಂತ್ರ ಓಡುತ್ತಿರುವಾಗಲೇ ಹತ್ತಿದ. ಕಾಲಡಿಯ ಪೊಟ್ಟಣಗಳು ಒಡೆದು ಪ್ಯಾಂಟು ಮೊಳಕಾಲವರೆಗೆ ತೊಯ್ದರೂ ಮಾತು ನಿಲ್ಲಿಸಲಿಲ್ಲ.

"ಎಂಟು ವರ್ಷ ನಿಮ್ ಪೊಟ್ಟಣಗಳ ಬಾಯಿ ಮುಚ್ಚಿದ್ದೀನಿ, ಇನ್ ಸಾಕು! ಸೋಮವಾರದಿಂದ ನಾನು ರಾಜ್ಯ ತಂಡದ ಆಟಗಾರ. ನನ್ ಮುಖ ನೋಡ್ಬೇಕು ಅಂದ್ರೆ ಟೀವೀಲಿ ನೋಡ್ಕೊಳ್ಳಿ!"

"ತಂಡಕ್ಕೆ ತಗೊಂಡ್ರೇನೋ?" ಕೆಳಗಿನಿಂದ ಮೇಲ್ವಿಚಾರಕಿ ಮೇಡಂ ಇಬಿಸೊ ಕೇಳಿದಳು.

"ಭಾನುವಾರ ತಗೋತಾರೆ."

ಪೊಟ್ಟಣ ಎಣಿಸುತ್ತಿದ್ದ ಹೆಂಗಸರ ಸಾಲು ಸಾಲೇ ನಕ್ಕಿತು. "ಇಳಿಯೋ ಮಹಾರಾಯ," ಎಂದಳು ಇಬಿಸೊ. "ಒದ್ದೆ ಪ್ಯಾಂಟಲ್ಲಿ ಟೀವೀಗೆ ಹೋಗ್ಬೇಡ, ನಮ್ ವಾರಿ ಊರಿನ ಮಾನ ಹೋಗುತ್ತೆ."

ಎಫೆಮೆನನ ಆಟ ಸ್ಕ್ರ್ಯಾಬಲ್, ಅಕ್ಷರದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ. ರಾಜ್ಯ ತಂಡದಲ್ಲಿ ಉಳಿದಿದ್ದದ್ದು ಒಂದೇ ಸ್ಥಾನ. ಆ ಸ್ಥಾನದ ಜೊತೆ ಕ್ರೀಡಾ ಇಲಾಖೆಯ ಕಾಯಂ ನೌಕರಿಯೂ ಬರುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಪದಕವಲ್ಲ, ಆ ನೌಕರಿ. ಇಪ್ಪತ್ತೊಂಬತ್ತಕ್ಕೇ ಯಂತ್ರದ ಗದ್ದಲಕ್ಕೆ ಎಡಗಿವಿ ಮಂದವಾಗಿತ್ತು. ರಾತ್ರಿ ದಿಂಬಿಗೆ ಬಲಗಿವಿ ಕೊಟ್ಟು ಮಲಗಿದರೆ ಜಗತ್ತೇ ಇಲ್ಲವಾಗುತ್ತಿತ್ತು. ಆ ಕಿವಿಯೂ ಹೋದರೆ ತನ್ನನ್ನು ಯಂತ್ರದ ಬಿಡಿಭಾಗಗಳ ಪಟ್ಟಿಗೇ ಸೇರಿಸಿಬಿಡುತ್ತಾರೆ ಎಂದು ಅವನೇ ತಮಾಷೆ ಮಾಡುತ್ತಿದ್ದ. ಹೇಳಿ ಮುಗಿಸಿದ ಮೇಲೆ ಎಲ್ಲರೂ ನಗುತ್ತಿದ್ದರು, ಅವನೊಬ್ಬನನ್ನು ಬಿಟ್ಟು.

ಆಟ ಕಲಿಸಿದವನು ಪಾ ಮುದಿಯಾಗ, ಊರೆಲ್ಲ 'ಪಾ', ಅಂದರೆ ಅಪ್ಪ, ಎನ್ನುತ್ತಿದ್ದ, ಬಂದರಿನ ಕೆಲಸದಿಂದ ನಿವೃತ್ತನಾದ ಮುದುಕ. ಕ್ಷೌರದಂಗಡಿಯ ಹಿಂದೆ ಮಣೆ ಹಾಸಿ ಕೂತಿರುತ್ತಿದ್ದ. ಮೊದಲ ದಿನವೇ ತನ್ನ ಮತ ಬೋಧಿಸಿದ: "ಉದ್ದುದ್ದ ಪದ ಇಟ್ಟು ಮೆರೀಬೇಡ. ಅದು ಎದುರಿನವನಿಗೆ ಬಾಗಿಲು ತೆಗ್ದಂಗೆ. ಐದಕ್ಷರದ್ದು ಇಡು, ಬಾಗಿಲು ಹಾಕು. ಮುಂದಿದ್ದೀಯಾ? ಇನ್ನೊಂದು ಇಡು, ಚಿಲಕಾನೂ ಹಾಕು."

ಎಫೆಮೆನ ಐದಕ್ಷರದ ಪದಗಳನ್ನು ಬಾಚಿ ತಲೆಗೆ ತುಂಬಿಕೊಂಡ. 'ಝಡ್' ನಡುವೆ ಬರುವವು, 'ಜೆ'ಯಲ್ಲಿ ಮುಗಿಯುವವು, ನಾಲ್ಕು ಸ್ವರ ಇರುವವು, ಬೆನ್ನ ಹಿಂದೆ 'ಯು' ಇಲ್ಲದೆ 'ಕ್ಯೂ' ಒಂಟಿಯಾಗಿ ನಿಲ್ಲುವವು. ಯಂತ್ರ ಒಂದು ಪೊಟ್ಟಣ ಉಗುಳುವಷ್ಟರಲ್ಲಿ ಒಂದು ಪದ. ಅರ್ಥಕ್ಕೆ ಮಾತ್ರ ತಲೆಯಲ್ಲಿ ಜಾಗ ಉಳಿದಿರಲಿಲ್ಲ. ಮುದುಕ ಮೊಟ್ಟಮೊದಲು ಕಲಿಸಿದ ಒಂಟಿ 'ಕ್ಯೂ' ಪದ 'ಫಕೀರ್'. ಹಾಗಂದರೇನು ಎಂದು ಯಾರಾದರೂ ಕೇಳಿದರೆ ಎಫೆಮೆನ ಗಂಭೀರವಾಗಿ "ಹದಿನೇಳು ಅಂಕ" ಎನ್ನುತ್ತಿದ್ದ.

ಭಾನುವಾರ ಶಾಲೆಯ ಸಭಾಂಗಣದಲ್ಲಿ ಕರೆಂಟು ಹೋಗಿ ಫ್ಯಾನುಗಳು ನಿಂತಿದ್ದವು. ಕೊನೆಯ ಸುತ್ತಿಗೆ ಮುನ್ನ ಅಧಿಕಾರಿ ಸ್ಥಿತಿ ಓದಿ ಹೇಳಿದರು. ಎಫೆಮೆನನ ಎದುರಾಳಿ ಪಾ ಮುದಿಯಾಗ. ಆತನ ಸ್ಥಾನ ಆಗಲೇ ಗಟ್ಟಿಯಾಗಿತ್ತು. ಉಳಿದ ಒಂದಕ್ಕೆ ಪೈಪೋಟಿ ಎಬಿಕೆಮೆ ಎಂಬವನ ಜೊತೆ. ಅವನ ಆಟಗಳೆಲ್ಲ ಮುಗಿದು, ಕಿಟಕಿಯ ಬಳಿ ಕೂತು ಸುಟ್ಟ ಬಾಳೆಕಾಯಿ ತಿನ್ನುತ್ತಿದ್ದ. ಎಫೆಮೆನ ಗೆದ್ದರೆ ಇಬ್ಬರೂ ಸಮ. ಆಗ ಎಲ್ಲ ಆಟಗಳ ಅಂಕಗಳ ಅಂತರ ಕೂಡಿಸಿ ತೀರ್ಮಾನ, ಅದರಲ್ಲಿ ಎಬಿಕೆಮೆ ಮುಂದಿದ್ದ. ಅಂದರೆ ಬರೀ ಗೆದ್ದರೆ ಸಾಲದು, ಕನಿಷ್ಠ ಐವತ್ತು ಅಂಕಗಳಿಂದ ಗೆಲ್ಲಬೇಕು. ಕಿವಿ ದೂರವಾದ್ದರಿಂದ ಮುದುಕ ಇದೊಂದನ್ನೂ ಕೇಳಿಸಿಕೊಳ್ಳಲಿಲ್ಲ, ಕನ್ನಡಕ ಒರೆಸುತ್ತಿದ್ದ.

ಅರ್ಧ ಆಟಕ್ಕೆ ಎಫೆಮೆನ ಮೂವತ್ತು ಮುಂದಿದ್ದ. ಇಲ್ಲೇ ಅವನ ಕೈ ಕೆಟ್ಟಿತು. ತಲೆ ಐವತ್ತು, ಐವತ್ತು ಎಂದು ಬಡಿದುಕೊಳ್ಳುತ್ತಿದ್ದರೆ, ಕೈ ಮಾತ್ರ ಎಂಟು ವರ್ಷ ಕಲಿತದ್ದನ್ನೇ ಮಾಡಿತು: ಒಂದು ಐದಕ್ಷರ ಇಟ್ಟಿತು, ಅದರ ಮಗ್ಗುಲಿಗೆ ಇನ್ನೊಂದು. ಪದದ ಮೇಲೆ ಪದ ಅಂಟಿ ಮಣೆ ಬೀಗ ಜಡಿದ ಅಂಗಡಿಯಂತಾಯಿತು. ಆಗ ಬಿಲ್ಲೆಗಳ ಚೀಲಕ್ಕೆ ಕೈ ಹಾಕಿದ. ಬಂದ ಬಿಲ್ಲೆಗಳು ಕೈಲಿದ್ದವುಗಳ ಜೊತೆ ಸೇರಿ ಏಳಕ್ಷರದ ಒಂದು ಪದವಾಗಿ ಕೂತಿದ್ದವು. ಏಳನ್ನೂ ಒಟ್ಟಿಗೆ ಇಟ್ಟರೆ ಮೇಲಿಂದ ಐವತ್ತು ಅಂಕ ಬಹುಮಾನ. ನೌಕರಿಯೇ ಕೈಗೆ ಬಂದಂತೆ.

ಇಡಲು ಮಣೆಯಲ್ಲಿ ಉಳಿದಿದ್ದದ್ದು ಒಂದೇ ಕಡೆ, ಬಲಗಡೆಯ ಕೆಳಮೂಲೆ. ಸರದಿ ಮುದುಕನದು.

ಆ ಮೂಲೆಯನ್ನು ನೋಡಬಾರದೆಂದು ಎಫೆಮೆನ ಚಾವಣಿ ನೋಡಿದ, ತನ್ನ ಉಗುರು ನೋಡಿದ, ಎಬಿಕೆಮೆಯ ಬಾಳೆಕಾಯಿ ನೋಡಿದ. ಇಷ್ಟು ಶ್ರದ್ಧೆಯಿಂದ ಒಂದು ಮೂಲೆಯನ್ನು ನೋಡದೇ ಇರುವವನನ್ನು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ. ಎಲ್ಲಿ ಬೇಕಾದರೂ ಇಡು ದೇವರೇ, ಅಲ್ಲೊಂದು ಬೇಡ ಎಂದು ಒಳಗೇ ಅಂಗಲಾಚಿದ. ಗಡಿಯಾರ ಓಡುತ್ತಿತ್ತು. ಮುದುಕ ಗದ್ದ ಕೆರೆದುಕೊಂಡು ಬಿಲ್ಲೆಗಳನ್ನು ಒಂದೊಂದಾಗಿ ಆ ಮೂಲೆಗೇ ಜೋಡಿಸಿದ. ಫಕೀರ್.

ಎಫೆಮೆನ ಏಳಕ್ಷರವನ್ನು ಮುರಿದು ಚೂರು ಚೂರಾಗಿ ಇಟ್ಟ. ಆಟ ಮುಗಿದಾಗ ಅವನು ಗೆದ್ದಿದ್ದ, ಇಪ್ಪತ್ತೆರಡು ಅಂಕಗಳಿಂದ. ಕಿಟಕಿಯ ಬಳಿ ಎಬಿಕೆಮೆ ಎದ್ದು ನಿಂತು ಕೈ ಒರೆಸಿಕೊಂಡ.

"ಭಲೇ ಮಗನೇ!" ಮುದುಕ ಅವನ ಕೈ ಹಿಡಿದು ಕುಲುಕಿದ. "ನನ್ನನ್ನೇ ಹೊಡೆದ್ಯಲ್ಲೋ! ಇದು ನಾನು ಕಲಿಸಿದ ಆಟ. ಯಾಕೋ, ಸಾವಿನ ಮನೇಲಿ ಕೂತ ಹಾಗೆ ಕೂತಿದ್ದೀಯಾ?"

ಎಫೆಮೆನ ಅವನ ಕಿವಿಯ ಹತ್ತಿರ ಬಾಗಿ ಅಂತರದ ವಿಷಯ, ಆ ಮೂಲೆಯ ವಿಷಯ ಹೇಳಿದ. ಮುದುಕ ತನ್ನ 'ಫಕೀರ್' ಮೇಲೆ ಬೆರಳಿಟ್ಟ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಮೂಲೆ ಬಿಡ್ತಿದ್ದೆಯಾ, ಪಾ?"

ಮುದುಕ ನಿಜವಾಗಿಯೂ ಯೋಚಿಸಿದ. "ಇಲ್ಲ," ಎಂದ. ಆಮೇಲೆ ಬಿಲ್ಲೆಗಳನ್ನು ತುಂಬಿಸಲು ಚೀಲದ ಬಾಯಿ ಹಿಡಿದು ಕೊಟ್ಟ.

ಸೋಮವಾರ ಬೆಳಗ್ಗೆ ಕಾರ್ಖಾನೆಯ ಗೇಟಿನಲ್ಲಿ ಮೇಡಂ ಇಬಿಸೊ ಎದುರಾದಳು.

"ಏನಾಯ್ತೋ? ಗೆದ್ದೆಯಾ?"

"ಗೆದ್ದೆ ಮೇಡಂ."

"ಗೆದ್ದವನಿಗೆ ಇಲ್ಲೇನು ಕೆಲಸ?"

"ಅಂತರ ಸಾಲ್ಲಿಲ್ಲ."

"ಯಾವ ಅಂತರ?"

ವಿವರಿಸಲು ಬಾಯಿ ತೆರೆದ. ಮಣೆ, ಮೂಲೆ, ಮುದುಕ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಪಾಳಿಯೇ ಮುಗಿಯುತ್ತಿತ್ತು. "ಬಿಡಿ ಮೇಡಂ. ನನ್ ಯಂತ್ರ..."

"ಅದಕ್ಕೆ ಶನಿವಾರಾನೇ ಬೇರೆಯವನು ಬಂದ." ಅವನು ಕದಲದೆ ನಿಂತದ್ದನ್ನು ಕಂಡು ಅವಳು ನಿಟ್ಟುಸಿರು ಬಿಟ್ಟಳು. "ಮೂಟೆ ಹೊರೋಕೆ ಒಬ್ಬ ಬೇಕು. ಕಾಯಂ ಅಲ್ಲ."

"ಹೊರ್ತೀನಿ."

"ಮೊದ್ಲು ರಾಶಿ ಹತ್ತಿ ಕೆಲಸ ಕೇಳು. ಎಲ್ಲರ ಮುಂದೆ ಹೋದವನು ಎಲ್ಲರ ಮುಂದೆ ವಾಪಸ್ ಬರ್ಬೇಕು."

ತಮಾಷೆಯೇನೋ ಎಂದು ಅವಳ ಮುಖ ನೋಡಿದ. ಅಲ್ಲ. ಈ ಸಲ ಪೊಟ್ಟಣ ಒಡೆಯದಿರಲೆಂದು ಚಪ್ಪಲಿ ಬಿಟ್ಟು ಹತ್ತಿದ. ಯಂತ್ರ ಓಡುತ್ತಲೇ ಇತ್ತು. ಹೆಂಗಸರು ಎಣಿಕೆ ನಿಲ್ಲಿಸಿ ತಲೆಯೆತ್ತಿದರು.

"ಜೋರಾಗಿ ಹೇಳಪ್ಪಾ ಟೀವಿಯವ್ನೇ, ಇಲ್ಲಿಗೆ ಕೇಳಿಸ್ತಿಲ್ಲ!" ಎಂದು ಒಬ್ಬಳು ಕೂಗಿದಳು.

ಅವನು ಇನ್ನೂ ಏನೂ ಹೇಳಿರಲಿಲ್ಲ.