ಡೆಕ್ಲನ್‌ನ ಎಡಗಣ್ಣು

ಡೆಕ್ಲನ್‌ನ ಎಡಗಣ್ಣು ಹೋದದ್ದು ಕ್ರೇನಿನ ಕೊಕ್ಕೆ ಬಡಿದು ಅಲ್ಲ. ನಾನು ಹೊಡೆದೆ. ಇಷ್ಟು ನಿಮಗೆ ಗೊತ್ತು — ಅವನ ಅಜ್ಜ ನಮ್ಮೂರವನೊಬ್ಬನನ್ನು ಹೊಡೆದು ಕೊಂದಿದ್ದ, ಅದಕ್ಕೇ ಹೊಡೆದೆ ಎಂದು ಸ್ಟುಟ್‌ಗಾರ್ಟಿನ ದೀಪಾವಳಿ ಊಟದಲ್ಲಿ ನಾನೇ ಹೇಳಿದ್ದೇನೆ. "ಕಾಕಾ, ಹುಲಿ ಅದೀರಿ ಬಿಡ್ರಿ. ನೂರು ವರ್ಷದ ಸೇಡ ಒಂದ ಏಟಿಗೆ ತೀರಿಸಿದ್ರಿ" ಎಂದು ನೀವು ಹುಡುಗರೆಲ್ಲ ಬೆನ್ನು ತಟ್ಟಿದಿರಿ. ನಾನು ಹೋಳಿಗೆ ತಿಂದೆ. ಆ ಸೇಡು ಸುಳ್ಳು.

ಏಳನೇ ಇಯತ್ತೆಗೆ ಶಾಲೆ ಬಿಟ್ಟು ಬೆಳಗಾವಿಯಲ್ಲಿ ವೆಲ್ಡಿಂಗ್ ಕಲಿತವನು ನಾನು. ಇಲ್ಲಿ ಸ್ಟುಟ್‌ಗಾರ್ಟಿನ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ನನ್ನ ಕೆಲಸಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ತಪ್ಪು ಹುಡುಕಿರಲಿಲ್ಲ. ಡೆಕ್ಲನ್ ಐರ್ಲೆಂಡಿನವನು, ವೆಲ್ಡಿಂಗ್ ತಪಾಸಣೆ ಅವನದು. ಅವನೇ ಒಮ್ಮೆ ಹೇಳಿದ್ದ — ಅವನ ಅಜ್ಜ ಬ್ರಿಟಿಷ್ ಸಿಪಾಯಿಯಾಗಿ ಬೆಳಗಾವಿಯ ಕ್ಯಾಂಪಿನಲ್ಲಿದ್ದನಂತೆ. ನೀರು ಹೊರುವವನೊಬ್ಬ ಬೂಟಿನ ಮೇಲೆ ನೀರು ಚೆಲ್ಲಿದನೆಂದು ಸೊಂಟದ ಬೆಲ್ಟ್ ಬಿಚ್ಚಿ, ಹಿತ್ತಾಳೆ ಬಕಲ್ಲಿನ ಕಡೆಯಿಂದ, ಉಸಿರು ನಿಲ್ಲುವವರೆಗೆ ಹೊಡೆದನಂತೆ. ಐರ್ಲೆಂಡಿಗೆ ಮರಳಿದಾಗ ಅದೇ ಸಮವಸ್ತ್ರದವರು ಅವನ ಸ್ವಂತ ಅಣ್ಣನನ್ನು ಅಂಥದೇ ಬೆಲ್ಟಿನಿಂದ ಮನೆ ಬಾಗಿಲಲ್ಲೇ ಬಡಿದು ಕೊಂದರು. ಅಜ್ಜ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಕ್ರಾಂತಿಕಾರರನ್ನು ಸೇರಿದ, ಕ್ಯಾಪ್ಟನ್ ಆದ. ಹೊಂಚು ಹಾಕಿ ಮಿಲಿಟರಿ ಲಾರಿ ಸುಟ್ಟಾಗ, ಉರಿಯಿಂದ ಹೊರಬಿದ್ದವನೊಬ್ಬ ಇವನನ್ನು ಹೆಸರು ಹಿಡಿದು ಕೂಗಿದ — ಹಳೆಯ ಬ್ಯಾರಕ್ಕಿನ ಜೊತೆಗಾರ. ಅಜ್ಜ ಅವನ ಮುಖಕ್ಕೇ ಗುಂಡಿಟ್ಟ. ಆದರೂ ಸಾಯುವವರೆಗೆ ಅಜ್ಜನನ್ನು ಕಾಡಿದವನು ಆ ನೀರಿನವನೇ.

ಕಣ್ಣು ಹೋದ ದಿನ ಬೆಳಿಗ್ಗೆ, ಎಲ್ಲರೂ ನೋಡುತ್ತಿದ್ದಾಗ, ಡೆಕ್ಲನ್ ನನ್ನ ವೆಲ್ಡಿಂಗಿನ ಮೇಲೆ ಸೀಮೆಸುಣ್ಣದಿಂದ ಅಡ್ಡಗೀಟು ಎಳೆದ. "ಬಸು, ಇದು ನಿಲ್ಲೋದಿಲ್ಲ. ಕತ್ತರಿಸಿ ಮತ್ತೆ ಮಾಡು." ಯಾರೋ ನಕ್ಕರು. ಅವನು ಹೇಳಿದ್ದು ಸರಿಯೇ ಇತ್ತು.

ಮಧ್ಯಾಹ್ನ ಉಳಿದವರು ಊಟಕ್ಕೆ ಹೋದರು. ಕ್ರೇನಿನ ಕೆಳಗೆ ನಾವಿಬ್ಬರೇ. ಅವನು ಚೀಲದಿಂದ ಅಜ್ಜನ ಆ ಬೆಲ್ಟ್ ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. "ಇದು ನಿಮ್ಮೂರಿಗೆ ಸೇರಬೇಕಾದ್ದು. ಅಜ್ಜನ ಪರವಾಗಿ ಕ್ಷಮೆ ಕೇಳ್ತೀನಿ. ತಗೋ."

ತಗೊಂಡೆ. ಬಕಲ್ಲಿನ ಕಡೆಯಿಂದ ಬೀಸಿದೆ. ಒಂದು ಏಟಲ್ಲ — ಮೂರು. ಎರಡನೆಯದಕ್ಕೇ ಕಣ್ಣು ಒಡೆದಿತ್ತು. ಮೂರನೆಯದು... ಕೈ ನಿಲ್ಲಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಕೈ ನಿಂತಿತ್ತು. ಮತ್ತೆ ಎತ್ತಿದೆ.

ನೀರಿನವನ ನೆನಪೂ ನನಗೆ ಬಂದಿರಲಿಲ್ಲ. ಕಣ್ಣ ಮುಂದೆ ಇದ್ದದ್ದು ಸೀಮೆಸುಣ್ಣದ ಗೀಟು, ಆ ನಗು.

ಕಣ್ಣಿಗೆ ಒತ್ತಿಹಿಡಿದ ಬೆರಳ ಸಂದಿಯಿಂದ ರಕ್ತ ಇಳಿಯುತ್ತಿದ್ದರೂ ಡೆಕ್ಲನ್ ಅಂದ, "ಆಯ್ತು... ಅಜ್ಜ ಕೊಟ್ಟದ್ದು ವಾಪಸ್ ಬಂತು." ಓಡಿಬಂದ ಮೇಸ್ತ್ರಿಗೆ ಕೊಕ್ಕೆ ಬಡಿಯಿತೆಂದು ತಾನೇ ಹೇಳಿದ. ನಾನು ಬೆಲ್ಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಸಾಕ್ಷಿಯೆಂದು ಅಪಘಾತದ ಕಾಗದಕ್ಕೆ ಸಹಿ ಹಾಕಿದೆ.

ಇಂದಿಗೂ, ಮ್ಯಾನ್‌ಹೈಮಿನ ಮಗಳ ಮನೆಯಲ್ಲಿ ಕೂತು, ಅವನು ನಂಬಿದ್ದಾನೆ — ತನ್ನ ಕಣ್ಣು ನ್ಯಾಯಕ್ಕೆ ಹೋಯಿತೆಂದು. ಪ್ರತಿ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಾನೆ. ಒಂದಕ್ಕೂ ನಾನು ಉತ್ತರ ಬರೆದಿಲ್ಲ. ಕಣ್ಣು ಕಿತ್ತದ್ದಕ್ಕಿಂತ ಈ ನಂಬಿಕೆಯನ್ನು ಹಾಗೇ ಬಿಟ್ಟದ್ದು... ಯಾವುದು ದೊಡ್ಡ ತಪ್ಪೋ, ಅಳೆಯುವುದು ನನ್ನ ಕೆಲಸವಲ್ಲ.

ಬೆಲ್ಟ್ ನಮ್ಮ ಕಟ್ಟಡದ ಕೆಲ್ಲರಿನಲ್ಲಿ, ಆ ನೆಲದಡಿಯ ಕೋಣೆಯಲ್ಲಿ, ಹಳೆಯ ಸಾಮಾನಿನ ಕೆಳಗಿದೆ. ಮನೆಯ ಹಿತ್ತಾಳೆಯನ್ನೆಲ್ಲ ತಿಕ್ಕಿ ಹೊಳೆಯಿಸುವ ನಾನು ಆ ಬಕಲ್ ಒಂದನ್ನು ಮಾತ್ರ ಮುಟ್ಟಿಲ್ಲ. ಶನಿವಾರ ಅದನ್ನು ಹಾಗೇ ಹಿಡಿದುಕೊಂಡು ಮ್ಯಾನ್‌ಹೈಮಿನ ರೈಲು ಹತ್ತುತ್ತೇನೆ. ಗೀಟಿನ ಮಾತು ಹೇಳುತ್ತೇನೆ. ಅವನ ಬಲಗಡೆ ನಿಂತು ಹೇಳಬೇಕು — ಅವನಿಗೆ ಕಾಣುವ ಕಡೆ.